ತಿನ್ನುವ ಜಾಗ ಗೊತ್ತಿಲ್ಲದೆ ಪೌಚ್ ಮಾಡಿಸಬೇಡಿ

ಬೆಳಗಿನ ತಿಂಡಿಯ ಹೊಸ ಬ್ರ್ಯಾಂಡ್ ಶುರು ಮಾಡುವವರು ಪ್ಯಾಕೇಜಿಂಗ್ ಮಾತಾಡಲು ಬಂದಾಗ ಕೈಯಲ್ಲಿ ಯಾವುದೋ ವಿದೇಶಿ ಪ್ಯಾಕೆಟ್ ಇರುತ್ತದೆ. ಮಣ್ಣಿನ ಬಣ್ಣ, ಮೂಲೆಯಲ್ಲೊಂದು ಹಸಿರು ಎಲೆ, ನಡುವೆ ಪಾರದರ್ಶಕ ಕಿಟಕಿ. "ನಮ್ಮ ರಾಗಿ ಹುರಿಹಿಟ್ಟಿಗೆ ಇದೇ ಥರ ಬೇಕು ಸರ್" ಅನ್ನುತ್ತಾರೆ. ಬಣ್ಣದ ಮಾತು ಆಮೇಲೆ. ಇದನ್ನು ಕೊಂಡವರು ಎಲ್ಲಿ ಕೂತು ತಿನ್ನುತ್ತಾರೆ ಅಂತ ನಾನು ಕೇಳುತ್ತೇನೆ.

"ಓಡಾಡ್ತಾ ತಿನ್ನೋದು" ಎಂಬ ಉತ್ತರ ಬರುತ್ತದೆ. ಬೆಂಗಳೂರಿನಲ್ಲಿ ಅದು ಎಲ್ಲಿ? ನಮ್ಮ ಮೆಟ್ರೋದೊಳಗೆ ತಿನ್ನುವ ಹಾಗಿಲ್ಲ. ಸ್ಕೂಟರ್ ಮೇಲೆ ಆಗಲ್ಲ. ಬಿಎಂಟಿಸಿ ಬಸ್ಸಿನಲ್ಲಿ ಒಂದು ಕೈ ಕಂಬಿ ಹಿಡಿದಿರುತ್ತದೆ. ಇಪ್ಪತ್ತೈದರ ಆಸುಪಾಸಿನವರು ಹೆಚ್ಚಾಗಿ ತಿನ್ನುವುದು ಆಫೀಸ್ ಮೇಜಿನ ಮುಂದೆ, ಮೊದಲ ಮೀಟಿಂಗ್ ನಡೆಯುತ್ತಿರುವಾಗ, ಕ್ಯಾಮೆರಾ ಆಫ್ ಮಾಡಿಕೊಂಡು. ಪ್ಯಾಂಟ್ರಿಯಲ್ಲಿ ಬಿಸಿನೀರು ಇರುತ್ತದೆ, ಸ್ಟೀಲ್ ಚಮಚವೂ ಸಿಗುತ್ತದೆ. ಹಾಗಾದರೆ ಪ್ಯಾಕೆಟ್ ಮಾಡಬೇಕಾದ ಕೆಲಸ ಎರಡೇ. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಪಕ್ಕ ಒತ್ತಿಸಿಕೊಂಡರೂ ಒಡೆಯಬಾರದು. ಬಿಚ್ಚುವಾಗ ಕೀಬೋರ್ಡ್ ಮೇಲೆ ಚೆಲ್ಲಬಾರದು.

ಇಷ್ಟು ಗೊತ್ತಾದರೆ ಎಷ್ಟೋ ಖರ್ಚು ಉಳಿಯುತ್ತದೆ. ಚಮಚವನ್ನೇ ನೋಡಿ. ಪ್ಲಾಸ್ಟಿಕ್ ಚಮಚಕ್ಕೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ. ಮರದ ಚಮಚ ಇಡಬಹುದು. ಆದರೆ ತಿಂಡಿಯನ್ನು ಪೇಪರ್ ಕಪ್ಪಿನಲ್ಲಿ ಕೊಡುವುದಾದರೆ, ಅದರ ಮುಚ್ಚಳದಡಿ ಹಿಡಿಸುವಷ್ಟು ಚಮಚ ಗಿಡ್ಡ ಮಾಡಿದರೆ ತಳ ಮುಟ್ಟೋಕೆ ಬೆರಳೂ ಒಳಗೆ ಹೋಗಬೇಕು. ಆಫೀಸಿಗೇ ಮಾರುವುದಾದರೆ ಚಮಚ ಬಿಟ್ಟುಬಿಡಿ ಅನ್ನುತ್ತೇನೆ. ಕಪ್ ಕೂಡ ಬೇಕಿಲ್ಲ, ಎಲ್ಲರ ಮೇಜಿನ ಮೇಲೂ ಒಂದು ಮಗ್ ಇರುತ್ತದೆ. ಅಂದಹಾಗೆ, ಪೇಪರ್ ಕಪ್ ಅಂದ ಮಾತ್ರಕ್ಕೆ ಅದು ಬರೀ ಕಾಗದ ಅಲ್ಲ. ಸಾಮಾನ್ಯವಾಗಿ ಒಳಗೊಂದು ತೆಳು ಪ್ಲಾಸ್ಟಿಕ್ ಪದರ ಇರುತ್ತದೆ.

ಉಳಿಯುವುದು ಪೌಚ್. ಇಲ್ಲಿ ತೊಂದರೆ ಕೊಡುವುದು ಸೀಲ್. ರಾಗಿ ಹಿಟ್ಟು ಬಹಳ ನಯ. ತುಂಬಿಸುವಾಗ ಅದರ ಧೂಳು ಪೌಚಿನ ಬಾಯಿಯ ಒಳಬದಿಗೆ ಅಂಟುತ್ತದೆ. ಅದರ ಮೇಲೇ ಬಿಸಿ ಪಟ್ಟಿ ಒತ್ತಿದರೆ ಹೊರಗಿನಿಂದ ನೋಡೋಕೆ ಸೀಲ್ ಚೆನ್ನಾಗೇ ಇರುತ್ತದೆ, ನಡುವೆ ಮಾತ್ರ ಕೂದಲೆಳೆಯಷ್ಟು ದಾರಿ ಉಳಿದಿರುತ್ತದೆ. ತೇವ ಒಳಗೆ ಹೋಗಿ ಹಿಟ್ಟು ಗಂಟು ಕಟ್ಟುತ್ತದೆ. ಪರೀಕ್ಷೆ ಸುಲಭ: ಪೌಚನ್ನು ನೀರಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿ. ಗುಳ್ಳೆ ಬಂದರೆ ಸೀಲ್ ಕೆಟ್ಟಿದೆ. ಆಗ ಫಿಲ್ಮ್, ಅಂದರೆ ಪೌಚ್ ಮಾಡಿದ ತೆಳು ಹಾಳೆ, ಬದಲಿಸೋಕೆ ಹೋಗಬೇಡಿ. ಹಿಟ್ಟು ಸುರಿಯುವ ಕೊಳವೆಯನ್ನು ಇನ್ನಷ್ಟು ಕೆಳಗಿಳಿಸಿ, ಬಾಯಿ ಒರೆಸಿ ಸೀಲ್ ಮಾಡಿ.

ಹರಿಯೋಕೆ ಅಂತ ಅಂಚಿನಲ್ಲಿ ಇಡುವ ಕಚ್ಚೂ ಅಷ್ಟೇ ಮುಖ್ಯ. ಕೆಲವು ಫಿಲ್ಮ್‌ಗಳು ಒಂದು ದಿಕ್ಕಿಗೆ ನೇರವಾಗಿ ಹರಿಯುತ್ತವೆ, ಇನ್ನೊಂದು ದಿಕ್ಕಿಗೆ ಓರೆಯಾಗಿ ಓಡುತ್ತವೆ. ಓರೆ ಹರಿದರೆ ಅರ್ಧ ತಿಂಡಿ ಮೇಜಿನ ಮೇಲೆ. ಸ್ಯಾಂಪಲ್ ಬಂದ ದಿನ ಕತ್ತರಿ ಮುಟ್ಟದೆ ಕೈಯಲ್ಲೇ ಹರಿದು ನೋಡಿ, ಒದ್ದೆ ಕೈಯಲ್ಲೂ ಹರಿದು ನೋಡಿ.

ಆ ಕಿಟಕಿ? ಶೇಂಗಾ, ಗೋಡಂಬಿ, ಅಗಸೆ ಹಾಕಿದ್ದರೆ ಬೇಡ. ಅವುಗಳ ಎಣ್ಣೆಗೆ ಬೆಳಕು, ಗಾಳಿ ಎರಡೂ ಆಗಿಬರಲ್ಲ. ಬೇಗ ಕಮಟು ವಾಸನೆ ಬರುತ್ತದೆ.

ಇನ್ನು "ಆರೋಗ್ಯಕರ" ಅನ್ನುವ ಮಾತು. ಬೆಲ್ಲ ಹಾಕಿ "ನೋ ಆಡೆಡ್ ಶುಗರ್" ಅಂತ ಬರೆಸಲು ಕೇಳುವವರು ಜಾಸ್ತಿ. ಆಗಲ್ಲ. ಬೆಲ್ಲ, ಜೇನು ಎರಡೂ ಸೇರಿಸಿದ ಸಕ್ಕರೆಯ ಲೆಕ್ಕಕ್ಕೇ ಬರುತ್ತವೆ. ಸಕ್ಕರೆ ಬದಲಿಗೆ ಖರ್ಜೂರದ ಪೇಸ್ಟ್ ಹಾಕಿದರೂ ಹಾಗೆ ಬರೆಯುವಂತಿಲ್ಲ. "ಸಕ್ಕರೆ ಕಡಿಮೆ" ಅನ್ನಬೇಕಾದರೆ 100 ಗ್ರಾಂನಲ್ಲಿ 5 ಗ್ರಾಂ ಮೀರಬಾರದು. ನಾರಿನ ವಿಷಯದಲ್ಲಿ ರಾಗಿಯವರಿಗೆ ಅನುಕೂಲ ಇದೆ. "ನಾರು ಹೆಚ್ಚು" ಅನ್ನಲು 100 ಗ್ರಾಂಗೆ 6 ಗ್ರಾಂ ಸಾಕು, ಇಡೀ ರಾಗಿಯಲ್ಲಿ ಸುಮಾರು 11 ಗ್ರಾಂ ಇರುತ್ತದೆ. ಜರಡಿ ಹಿಡಿದು ಹೊಟ್ಟು ತೆಗೆದಿದ್ದರೆ ಅಷ್ಟು ಉಳಿಯಲ್ಲ. ಹಾಗಾಗಿ ಪುಸ್ತಕದ ಅಂಕಿ ನಂಬದೆ ನಿಮ್ಮದೇ ಹಿಟ್ಟನ್ನು ಲ್ಯಾಬಿಗೆ ಕೊಡಿ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. 60 ಗ್ರಾಂ ಪೌಚ್ ಮಾಡಿ, ಹಿಂದೆ "ಒಂದು ಸರ್ವಿಂಗ್ 30 ಗ್ರಾಂ" ಅಂತ ಹಾಕುತ್ತಾರೆ. ಮೀಟಿಂಗ್ ಮಧ್ಯೆ ಅರ್ಧ ಪೌಚ್ ತಿಂದು ಮಡಚಿಡುವವರು ಯಾರಿದ್ದಾರೆ? ಇಡೀ ಪೌಚಿನಲ್ಲಿ 15 ಗ್ರಾಂ ಸಕ್ಕರೆ ಸೇರಿಸಿದ್ದರೆ, ಲೇಬಲ್ ನಿಯಮ ದಿನಕ್ಕೆ ಇಟ್ಟಿರುವ 50 ಗ್ರಾಂ ಲೆಕ್ಕದಲ್ಲಿ ಅದು ಶೇ 30. ಸರ್ವಿಂಗ್ ಅರ್ಧ ಮಾಡಿದರೆ ಶೇ 15 ಅಂತ ಕಾಣುತ್ತದೆ, ಅಷ್ಟೇ. ಒಂದು ಪೌಚ್ ಒಂದು ತಿಂಡಿ ಅನ್ನುವುದಾದರೆ ಲೆಕ್ಕವೂ ಇಡೀ ಪೌಚಿನದ್ದೇ ಇರಲಿ.

ಕನ್ನಡದಲ್ಲಿ ಹೆಸರು, ಮಾಡುವ ವಿಧಾನ ಹಾಕುವಾಗ ಇಂಗ್ಲಿಷ್‌ಗೆ ಬಿಟ್ಟ ಜಾಗವನ್ನೇ ಬಿಟ್ಟರೆ ಸಾಲದು. ನಮ್ಮ ಒತ್ತಕ್ಷರ ಕೆಳಗಿಳಿದು ಮುಂದಿನ ಸಾಲಿಗೆ ತಗಲುತ್ತದೆ. ಸಣ್ಣ ಅಕ್ಷರವನ್ನು ದಪ್ಪ ಮಾಡಿದರೆ ಅದರ ಹೊಟ್ಟೆಯೊಳಗೆ ಶಾಯಿ ತುಂಬಿಕೊಂಡು "ಬಿಸಿನೀರು ಹಾಕಿ ಎರಡು ನಿಮಿಷ ಬಿಡಿ" ಅನ್ನುವುದು ಬರೀ ಕಪ್ಪು ಚುಕ್ಕೆಯಾಗುತ್ತದೆ. ತೆಳು ಅಕ್ಷರ, ಸಾಲಿನ ನಡುವೆ ಧಾರಾಳ ಜಾಗ, ತಿಳಿ ಹಿನ್ನೆಲೆ.

ಆ ಬರಹ, ಪೌಷ್ಟಿಕಾಂಶದ ಪಟ್ಟಿ, ಪದಾರ್ಥಗಳ ಪಟ್ಟಿ, ತೂಕ ಎಲ್ಲವನ್ನೂ ಕಪ್ಪು ಬಣ್ಣ ಒಂದರಲ್ಲೇ ಇಡಿ. ಗ್ರೇವೂರ್ ಪ್ರಿಂಟಿಂಗ್‌ನಲ್ಲಿ ಬಣ್ಣಕ್ಕೊಂದು ಸಿಲಿಂಡರ್, ಅಂದರೆ ಅಕ್ಷರ, ಚಿತ್ರ ಕೊರೆದ ಲೋಹದ ಉರುಳೆ, ಬೇಕು. ನಾಳೆ ಬೆಲ್ಲ ಕಡಿಮೆ ಮಾಡಿದಿರಿ ಅಂದುಕೊಳ್ಳಿ, ಕಪ್ಪಿನ ಸಿಲಿಂಡರ್ ಒಂದನ್ನು ಬದಲಿಸಿದರೆ ಸಾಕು. ಮೊದಲ ಬ್ಯಾಚಿಗೆ ಅದೂ ಬೇಡ. ಸಾದಾ ಪೌಚ್ ತಂದು ಸ್ಟಿಕ್ಕರ್ ಅಂಟಿಸಿ, ಗೆಳೆಯರ ಆಫೀಸ್ ಬ್ಯಾಗುಗಳಲ್ಲಿ ಒಂದು ವಾರ ಓಡಾಡಲಿ. ಸಿಲಿಂಡರ್‌ಗೆ ಅಡ್ವಾನ್ಸ್ ಆಮೇಲೆ ಕೊಟ್ಟರಾಯಿತು.