ರೈಫಲ್ ಅಂದರೆ ಗೀರು

ಹೋದ ತಿಂಗಳು ರಾಯಚೂರು ಕೋಟೆಯ ಬಾಗಿಲಲ್ಲಿ ಒಬ್ಬರು ತಮ್ಮ ನೆಂಟರಿಗೆ ವಿವರಿಸುತ್ತಿದ್ದರು: "1520ರಲ್ಲಿ ಕೃಷ್ಣದೇವರಾಯ ಈ ಕೋಟೆ ಗೆದ್ದಿದ್ದು ಪೋರ್ಚುಗೀಸರ ರೈಫಲ್‌ನಿಂದ." ಅದೇ ವಾರ ಒಂದು ಸುದ್ದಿಯ ತಲೆಬರಹ ಕಣ್ಣಿಗೆ ಬಿತ್ತು: "ನಾಡ ರೈಫಲ್ ವಶ." ಆಮೇಲೆ ಕೊಪ್ಪಳದ ಒಂದು ಮದುವೆಯಲ್ಲಿ ಹಿರಿಯರೊಬ್ಬರು ಗುರಿ ಸ್ಪರ್ಧೆಗಳಲ್ಲಿ ಆಡುವ ನಮ್ಮ ಅಕ್ಕನ ಮಗನನ್ನು ಕೇಳಿದರು: "ನೀ ಕಲಿತದ್ದು ಗಾಳಿ ಬಂದೂಕಿನ ಮ್ಯಾಲಲ್ಲೇನು? ಅದು ಎಂಥಾ ರೈಫಲ್ಲಪ್ಪಾ?"

ಮೂರೂ ತಪ್ಪು. ಮೊದಲಿನ ಎರಡರಲ್ಲಿ ರೈಫಲ್ ಅಲ್ಲದ್ದಕ್ಕೆ ಆ ಹೆಸರು ಕೊಟ್ಟಿದ್ದಾರೆ. ಮೂರನೆಯದರಲ್ಲಿ ನಿಜವಾದ ರೈಫಲ್‌ನಿಂದ ಹೆಸರನ್ನು ಕಿತ್ತುಕೊಂಡಿದ್ದಾರೆ. ಬಂದೂಕು ದೊಡ್ಡದಾಗಿದ್ದರೆ, ಜೋರಾಗಿ ಸದ್ದು ಮಾಡಿದರೆ ಅದು ರೈಫಲ್ ಎಂದು ನಾವು ಅಂದುಕೊಂಡುಬಿಟ್ಟಿದ್ದೇವೆ. ಆ ಪದಕ್ಕೂ ಗಾತ್ರಕ್ಕೂ ಸಂಬಂಧವೇ ಇಲ್ಲ.

ಹಳೆಯ ಫ್ರೆಂಚ್ ಭಾಷೆಯಲ್ಲಿ ಒಂದು ಕ್ರಿಯಾಪದ ಇತ್ತು, ಗೀರುವುದು, ತರಚುವುದು ಎಂಬ ಅರ್ಥದ್ದು. ಅದು ಇಂಗ್ಲಿಷಿಗೆ ಬಂದಾಗ ಬಂದೂಕು ಮಾಡುವವರು ಅದನ್ನು ತಮ್ಮ ಒಂದು ಕೆಲಸಕ್ಕೆ ಇಟ್ಟುಕೊಂಡರು. ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಗಿ ಗೀರು ಕೊರೆಯುವ ಕೆಲಸ ಅದು. ಮೊದಲು ಜನ 'ರೈಫಲ್ಡ್ ಗನ್' ಅನ್ನುತ್ತಿದ್ದರು, ಅಂದರೆ ಗೀರು ಕೊರೆದ ಬಂದೂಕು. 18ನೇ ಶತಮಾನದಲ್ಲಿ ಆ ಮಾತು ಮೊಟಕಾಯಿತು. ಬಂದೂಕು ಬಿದ್ದುಹೋಗಿ ಗೀರು ಮಾತ್ರ ಉಳಿಯಿತು. ಒಳಗಿನ ಗೀರಿನ ಹೆಸರೇ ಇಡೀ ಆಯುಧದ ಹೆಸರಾಯಿತು.

ನಮ್ಮಲ್ಲಿ ಓಡಾಡುವ ಬೇರೆ ಹೆಸರುಗಳನ್ನು ಪಕ್ಕದಲ್ಲಿಟ್ಟರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಬಂದೂಕು ಅರಬ್ಬಿಯ 'ಬುಂದುಕ್'ನಿಂದ ಪಾರ್ಸಿ, ಉರ್ದು ದಾಟಿ ಬಂದದ್ದು. ಬುಂದುಕ್ ಅಂದರೆ ಗಟ್ಟಿ ಸಿಪ್ಪೆಯ ಒಂದು ಸಣ್ಣ ಗುಂಡನೆಯ ಕಾಯಿ. ಮೊದಲು ಆ ಕಾಯಿಯಂಥ ಗುಂಡಿಗೆ ಆ ಹೆಸರು ಬಂತು, ಆಮೇಲೆ ಗುಂಡು ಹಾರಿಸುವ ಸಾಧನಕ್ಕೆ. ಕೋವಿ ನಮ್ಮದೇ ಪದ, ಕೊಳವೆಯ ಬಳ್ಳಿಯದು. ಸಿರುಗುಪ್ಪದ ಕಡೆ ತೆಲುಗು ಬೆರೆತ ಮಾತಿನಲ್ಲಿ ಕೇಳುವ ತುಪಾಕಿ ತುರ್ಕಿಯ 'ತುಫೆಕ್'ನಿಂದ ಬಂದದ್ದು. ನೋಡಿ, ಅರಬ್ಬರು ಹಾರುವ ಗುಂಡನ್ನು ಕಂಡು ಹೆಸರಿಟ್ಟರು, ಕನ್ನಡದವರು ಕೊಳವೆಯನ್ನು ಕಂಡು. ಇಂಗ್ಲಿಷಿನವರು ಹೊರಗಿನಿಂದ ಕಾಣಿಸದೇ ಇರುವ ಗೀರನ್ನು ಹಿಡಿದರು. ಹಾಗಾಗಿ ಕೋವಿ, ಬಂದೂಕು ಅಂದರೆ ಯಾವಾಗಲೂ ಸರಿ. ರೈಫಲ್ ಅನ್ನಬೇಕಾದರೆ ಮಾತ್ರ ನಳಿಗೆಯ ಒಳಗೆ ಏನಿದೆ ಅಂತ ಗೊತ್ತಿರಬೇಕು. ಕನ್ನಡದಲ್ಲೇ ಹೇಳಬೇಕು ಅನ್ನುವವರು ಗೀರುಗೋವಿ ಅಂದರೆ ನನಗಂತೂ ಸಂತೋಷ.

ಗೀರು ಯಾಕೆ ಬೇಕು? ಬುಗುರಿ ಆಡಿದವರಿಗೆ ಇದನ್ನು ಜಾಸ್ತಿ ಹೇಳಬೇಕಾಗಿಲ್ಲ. ತಿರುಗದ ಬುಗುರಿ ಬೀಳುತ್ತದೆ, ತಿರುಗುವ ಬುಗುರಿ ನಿಲ್ಲುತ್ತದೆ. ಗೀರಿಲ್ಲದ ನಳಿಗೆಯಲ್ಲಿ ಗುಂಡು ಸಡಿಲವಾಗಿರುತ್ತಿತ್ತು. ಆ ಕಡೆ ಈ ಕಡೆ ಬಡಿದುಕೊಂಡು ಹೊರಗೆ ಬರುತ್ತಿತ್ತು, ಕೊನೆಗೆ ಎಲ್ಲಿ ಬಡಿದಿತ್ತೋ ಅದರ ಪ್ರಕಾರ ದಾರಿ ತಪ್ಪುತ್ತಿತ್ತು. ಗೀರಿರುವ ನಳಿಗೆಯಲ್ಲಿ ಗುಂಡು ಬಿಗಿಯಾಗಿ ಕೂರುತ್ತದೆ. ಸುರುಳಿಯ ಜೊತೆ ತಾನೂ ತಿರುಗುತ್ತಾ ಹೊರಬರುತ್ತದೆ, ಆಮೇಲೂ ತಿರುಗುತ್ತಲೇ ಇರುತ್ತದೆ. ಹಾಗಂತ ಗುಂಡು ಗಾಳಿಯಲ್ಲಿ ಸುರುಳಿ ಸುತ್ತಿಕೊಂಡು ಹೋಗುತ್ತದೆ ಅಂತಲ್ಲ. ಇದನ್ನೂ ಬಹಳ ಜನ ತಪ್ಪು ತಿಳಿದಿದ್ದಾರೆ. ಗುಂಡು ತಿರುಗುವುದು ತನ್ನ ಸುತ್ತ ತಾನೇ.

ಈಗ ರಾಯಚೂರಿಗೆ ಬರೋಣ. 1520ರ ಮುತ್ತಿಗೆಯಲ್ಲಿ ಕ್ರಿಸ್ಟೋವಾವ್ ಡಿ ಫಿಗೆರೆಡೊ ಎಂಬ ಪೋರ್ಚುಗೀಸನ ಜೊತೆಗಾರರು ಕೋಟೆಗೋಡೆಯ ಮೇಲಿದ್ದವರತ್ತ ಗುಂಡು ಹಾರಿಸಿದ್ದನ್ನು ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿಟ್ಟಿದ್ದಾನೆ. ಅದು ಉರಿಯುವ ಬತ್ತಿಯಿಂದ ಮದ್ದಿಗೆ ಕಿಡಿ ಹಚ್ಚುವ ಬಂದೂಕುಗಳ ಕಾಲ. ಗೀರು ಕೊರೆಯುವ ವಿದ್ಯೆ 15ನೇ ಶತಮಾನದ ಕೊನೆಯ ಹೊತ್ತಿಗೇ ಮಧ್ಯ ಯೂರೋಪಿನಲ್ಲಿ ಗೊತ್ತಿತ್ತು, ನಿಜ. ಆದರೆ ಬಿಗಿ ಗುಂಡನ್ನು ನಳಿಗೆಯ ಬಾಯಿಂದ ಬಡಿದು ಇಳಿಸಬೇಕಿತ್ತು. ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಯುದ್ಧದಲ್ಲಿ ಅಷ್ಟು ಹೊತ್ತು ಯಾರು ಕೊಡುತ್ತಾರೆ? ಸಾಮಾನ್ಯ ಸೈನಿಕನ ಕೈಗೆ ಗೀರಿನ ಬಂದೂಕು ಬಂದಿದ್ದು 19ನೇ ಶತಮಾನದ ನಡುವೆ. 1853ರ ಮಾದರಿಯ ಎನ್‌ಫೀಲ್ಡ್ ಅಂಥದ್ದು. ಅದರ ತೋಟಾದ ಕಾಗದಕ್ಕೆ ಕೊಬ್ಬು ಸವರುತ್ತಿದ್ದದ್ದು ಗುಂಡು ಗೀರಿನ ನಳಿಗೆಯಲ್ಲಿ ಸಲೀಸಾಗಿ ಇಳಿಯಲಿ ಅಂತಲೇ. 1857ರ ಸಿಪಾಯಿಗಳ ಸಿಟ್ಟಿನ ಹಿಂದೆ ಇದ್ದ ಆ ಕೊಬ್ಬಿಗೂ ನಾನು ಹೇಳುತ್ತಿರುವ ಗೀರಿಗೂ ನೇರ ನಂಟಿದೆ. ಕೃಷ್ಣದೇವರಾಯನ ಕೈಗೆ ರೈಫಲ್ ಕೊಡುವವರು ಇದನ್ನೆಲ್ಲ ಮುನ್ನೂರು ವರ್ಷಕ್ಕೂ ಹೆಚ್ಚು ಹಿಂದಕ್ಕೆ ತಳ್ಳುತ್ತಾರೆ.

'ನಾಡ ರೈಫಲ್' ಬಗ್ಗೆ ಎರಡೇ ಮಾತು. ಹಂದಿ ಓಡಿಸಲು ಹೊಲದಲ್ಲಿ ಇಟ್ಟುಕೊಳ್ಳುತ್ತಿದ್ದ, ಬಾಯಿಂದ ಮದ್ದು ತುಂಬುವ ನಾಡಬಂದೂಕಿನ ನಳಿಗೆ ಒಳಗೆ ನುಣುಪು. ನಾಡಬಂದೂಕು ಎಂಬ ಒಳ್ಳೆಯ ಪದ ಇರುವಾಗ ಅದನ್ನು ಯಾಕೆ ಕೆಡಿಸಬೇಕು? ಜೋಡಿನಳಿಗೆ ಬಂದೂಕೂ ಸಾಮಾನ್ಯವಾಗಿ ನುಣುಪೇ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದದ್ದು ಡಬಲ್ ಟ್ರ್ಯಾಪ್‌ನಲ್ಲಿ, ಅದು ಶಾಟ್‌ಗನ್ ಸ್ಪರ್ಧೆ. ಒಂದು ಗುಂಡಲ್ಲ, ಚಿಲ್ಲರೆ ಚರೆಗಳು ಹರಡಿಕೊಂಡು ಹೋಗುತ್ತವೆ. ಅವುಗಳನ್ನು ತಿರುಗಿಸಿ ಏನು ಮಾಡುವುದು? 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಅಲ್ಲಿ ಮದ್ದಿಲ್ಲ, ಗಾಳಿಯ ಒತ್ತಡ ಅಷ್ಟೆ. ಆದರೆ 4.5 ಮಿಲಿಮೀಟರ್ ನಳಿಗೆಯ ಒಳಗೆ ಗೀರಿದೆ. ಹಾಗಾಗಿ ಅದು ಪೂರ್ತಿ ರೈಫಲ್. ಗವಿಮಠದ ಜಾತ್ರೆಯಲ್ಲಿ ಬಲೂನು ಒಡೆಯುವ ಬಂದೂಕಿನ ಒಳಗೆ ಗೀರಿದ್ದರೆ ಅದೂ ರೈಫಲ್ಲೇ. ಪಿಸ್ತೂಲಿನ ನಳಿಗೆಯಲ್ಲೂ ಗೀರು ಇರುತ್ತದಲ್ವಾ ಅಂತ ಕೇಳಬಹುದು. ಇರುತ್ತದೆ. ಆದರೆ ಅದು ಕೈಯಲ್ಲಿ ಹಿಡಿಯುವಂಥದ್ದು. ಭುಜಕ್ಕೆ ಒತ್ತಿ ಹಿಡಿಯುವ, ಉದ್ದ ನಳಿಗೆಯ ಗೀರುಗೋವಿಗೆ ಮಾತ್ರ ರೈಫಲ್ ಎಂಬ ಹೆಸರು ನಿಂತಿದೆ.

ಗುರಿ ಸ್ಪರ್ಧೆಗೆ ಬೋಲ್ಟ್ ಆಕ್ಷನ್ ರೈಫಲ್ (ಆ ಬೋಲ್ಟಿನ ವಿಷಯ ಕೊನೆಗೆ ಹೇಳುತ್ತೇನೆ) ಕಟ್ಟುವವರ ಕೆಲಸ ನೋಡಿದರೆ ಗೀರಿನ ಬೆಲೆ ಗೊತ್ತಾಗುತ್ತದೆ. ಅಕ್ಕನ ಮಗ ಈಗ ಆಡುವುದು 50 ಮೀಟರ್ ರೈಫಲ್ ಸ್ಪರ್ಧೆ, ಎನ್‌ಸಿಸಿಯವರು 'ಪಾಯಿಂಟ್ ಟೂ ಟೂ' ಅನ್ನುತ್ತಾರಲ್ಲ, ಆ 0.22 ಇಂಚು ನಳಿಗೆಯದು. ಆ ಗುರಿಯಲ್ಲಿ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್ ಅಗಲ, ಅಂಗಿಯ ಗುಂಡಿಯಷ್ಟು. ನಳಿಗೆಯ ಗೀರಿನ ಆಳ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಗೀರು 16 ಇಂಚಿಗೆ ಒಂದು ಸುತ್ತು ಬರುತ್ತದೆ. ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಟರೆ ಸೆಕೆಂಡಿಗೆ 800 ಸುತ್ತು ಅಂತಾಯಿತು. ಗುರಿ ಮುಟ್ಟುವಷ್ಟರಲ್ಲಿ 120ಕ್ಕೂ ಹೆಚ್ಚು ಸಲ ತಿರುಗಿರುತ್ತದೆ. ಗುಂಡು ಉದ್ದವಾದಷ್ಟೂ ಸುತ್ತು ಬಿಗಿ ಇರಬೇಕು. ಹೀಗಾಗಿ ಯಾವ ಗುಂಡು ಎಂದು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ನಳಿಗೆ ಆರಿಸುತ್ತಾರೆ.

ಉಳಿದ ಕೆಲಸವೆಲ್ಲ ಆ ಗೀರು ಕೊಟ್ಟ ದಾರಿಯನ್ನು ಕೆಡಿಸದಂತೆ ಕಾಯುವುದು. ತೋಟಾ ಕೂರುವ ಜಾಗ ನಳಿಗೆಯ ನಡುಗೆರೆಗೆ ಸರಿಯಾಗಿ ಬರಬೇಕು. ಇಲ್ಲದಿದ್ದರೆ ಗುಂಡು ಗೀರಿಗೆ ಓರೆಯಾಗಿ ಹತ್ತುತ್ತದೆ. ಎಷ್ಟೋ ರೈಫಲ್‌ಗಳಲ್ಲಿ ನಳಿಗೆ ಕೆಳಗಿನ ಮರದ ಹಿಡಿಗೆ ಎಲ್ಲೂ ತಾಗದಂತೆ ಬಿಡುತ್ತಾರೆ. ಮರ ಸೆಕೆಗೆ, ತೇವಕ್ಕೆ ಸ್ವಲ್ಪ ಬಾಗಿದರೂ ನಳಿಗೆಯನ್ನು ತಳ್ಳಬಾರದು ಎಂದು. ಎಲ್ಲಕ್ಕಿಂತ ನಾಜೂಕಾದದ್ದು ನಳಿಗೆಯ ಬಾಯಿ. ಗುಂಡು ಗೀರನ್ನು ಬಿಡುವ ಕೊನೆಯ ಜಾಗ ಅದು. ಅಲ್ಲಿ ಒಂದು ಕಡೆ ಚೂರು ಸವೆದಿದ್ದರೂ ಹಿಂದಿನಿಂದ ಬರುವ, ಮದ್ದು ಉರಿದ ಅನಿಲ ಆ ಕಡೆಯಿಂದ ಮೊದಲು ನುಗ್ಗುತ್ತದೆ, ಗುಂಡಿನ ಬುಡ ಅಲುಗುತ್ತದೆ. ಇದು ಲೈಸೆನ್ಸ್ ಇರುವ ಕುಶಲಕರ್ಮಿಯ ಕೆಲಸ. 1959ರ ಆಯುಧ ಕಾಯ್ದೆ ಇರುವ ನಾಡಿನಲ್ಲಿ ಮನೆಯ ಹಿಂದೆ ಲೇತ್ ಇದೆ ಅಂತ ಯಾರೂ ಕೈ ಹಾಕುವಂತಿಲ್ಲ.

ಕೊನೆಗೆ 'ಬೋಲ್ಟ್'. ಅದೇ ಮದುವೆಯಲ್ಲಿ ಒಬ್ಬರು, "ಬೋಲ್ಟ್ ಸಡ್ಲ ಆದ್ರ ಸ್ಪ್ಯಾನರ್ ಹಾಕಿ ಬಿಗಿ ಮಾಡ್ತಾರೇನು?" ಅಂದರು. ಹುಡುಗ ನನ್ನ ಮುಖ ನೋಡಿ, "ಮಾಮಾ, ನೀವೇ ಹೇಳ್ರಿ" ಅಂದ. ಇದು ನಟ್ಟು ಬೋಲ್ಟಿನ ಬೋಲ್ಟ್ ಅಲ್ಲ, ಬಾಗಿಲ ಚಿಲಕದ ಬೋಲ್ಟ್. ಬಚ್ಚಲ ಬಾಗಿಲಿನ ಚಿಲಕ ನೆನಪಿಸಿಕೊಳ್ಳಿ. ಹಿಡಿ ಮೇಲೆತ್ತಿ, ಹಿಂದಕ್ಕೆ ಎಳೆದು, ಮುಂದಕ್ಕೆ ತಳ್ಳಿ, ಕೆಳಕ್ಕೆ ಮಡಚುತ್ತೀರಿ. ರೈಫಲ್‌ನಲ್ಲೂ ಅದೇ ನಾಲ್ಕು ಚಲನೆ. ಎಳೆದಾಗ ಖಾಲಿ ತೋಟಾ ಹೊರಬೀಳುತ್ತದೆ, ತಳ್ಳಿದಾಗ ಹೊಸದು ಒಳಸೇರುತ್ತದೆ, ಮಡಚಿದಾಗ ಬೀಗ ಬೀಳುತ್ತದೆ. ಗುಂಡು ಸಿಡಿಯುವ ಹೊತ್ತಿನಲ್ಲಿ ಈ ಚಿಲಕ ಸ್ವಲ್ಪವೂ ಅಲುಗಬಾರದು. ಗುರಿಯವರು ಇದನ್ನೇ ಇಷ್ಟಪಡುವುದಕ್ಕೆ ಅದು ಒಂದು ಕಾರಣ. ಇನ್ನೊಂದು, ಚಿಲಕವನ್ನು ಪೂರ್ತಿ ಹಿಂದಕ್ಕೆ ಎಳೆದು ತೆಗೆದುಬಿಡಬಹುದು. ಹಾಗೆ ತೆಗೆದ ಮೇಲೆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ಕಣ್ಣಿಟ್ಟರೆ ಗೀರುಗಳು ಸುರುಳಿಯಾಗಿ ದೂರಕ್ಕೆ ತಿರುಗಿಕೊಂಡು ಹೋಗುವುದು ಕಾಣುತ್ತದೆ. ಎಷ್ಟಿವೆ ಅಂತ ಎಣಿಸಲೂಬಹುದು.