ಟೆನ್ಯೂರ್ ಕಡತದಲ್ಲಿ ಏನಿರುತ್ತದೆ?

ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅಧ್ಯಾಪಕಿಯರಾಗಿ ಬರುವ ನಮ್ಮ ಹೆಣ್ಣುಮಕ್ಕಳು ಮೊದಲು ಕೇಳುವುದು, 'ಟೆನ್ಯೂರ್‌ಗೆ ಎಷ್ಟು ಪೇಪರ್ ಬೇಕು ಮೇಡಂ?' ಸಮಿತಿಗಳಲ್ಲಿ ಕೂತು ಬಂದವಳಾಗಿ ನಾನು ಹೇಳುವುದು ಬೇರೆ: ಸಮಿತಿ ತೀರ್ಮಾನಕ್ಕೆಂದು ಓದುವ ನಿಮ್ಮ ಕಡತವನ್ನು ಯಾರ ಕಡತದ ಪಕ್ಕ ಇಟ್ಟು ಓದುತ್ತಾರೆ ನೋಡಿ.

ಟೆನ್ಯೂರ್ ಎಂದರೆ ಕಾಯಂ ಹುದ್ದೆ. ಕೆಲಸಕ್ಕೆ ಸೇರಿದ ಸುಮಾರು ಆರನೇ ವರ್ಷಕ್ಕೆ ಅದರ ತೀರ್ಮಾನ ಬರುತ್ತದೆ. ಸಿಕ್ಕರೆ ಕೆಲಸ ಕಾಯಂ, ಇಲ್ಲದಿದ್ದರೆ ಸಾಮಾನ್ಯವಾಗಿ ಇನ್ನೊಂದು ವರ್ಷ ಪಾಠ ಮಾಡಿ ಹೊರಡಬೇಕು. ಕಡತಕ್ಕೆ ಸೇರುವ ಹೊರಗಿನ ವಿದ್ವಾಂಸರ ಅಭಿಪ್ರಾಯಪತ್ರಗಳು ಸಾಮಾನ್ಯವಾಗಿ ಗುಟ್ಟು.

ಆ ಗುಟ್ಟನ್ನು ಪ್ರಶ್ನಿಸಿದ ಪ್ರಕರಣ ಅಧ್ಯಾಪಕಿ ರೋಸಲಿ ಟಂಗ್ ಅವರದು. ಏಷ್ಯಾ ಮೂಲದ ಅವರಿಗೆ 1985ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಮ್ಯಾನೇಜ್‌ಮೆಂಟ್ ಶಾಲೆ ಟೆನ್ಯೂರ್ ನಿರಾಕರಿಸಿತು. ಚೀನಾ ಕುರಿತ ಸಂಶೋಧನೆಯಲ್ಲಿ ಶಾಲೆಗೆ ಆಸಕ್ತಿ ಇಲ್ಲ ಎಂಬ ಕಾರಣ ತಮ್ಮ ಕಿವಿಗೆ ಬಿತ್ತೆಂದರು ಅವರು. ಜನಾಂಗ, ಲಿಂಗ, ಮೂಲದೇಶದ ಆಧಾರದ ತಾರತಮ್ಯ ಎಂದು ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರಿತ್ತು, ತಮಗಿಂತ ಹೆಚ್ಚೇನೂ ಅರ್ಹತೆ ಇಲ್ಲದ ಐವರು ಗಂಡಸರ ಹೆಸರನ್ನೂ ಕೊಟ್ಟರು. ಆಯೋಗ ಎಲ್ಲರ ಕಡತ ಕೇಳಿತು, ವಿಶ್ವವಿದ್ಯಾಲಯ ಕೊಡಲೊಪ್ಪಲಿಲ್ಲ. 1990ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ 'ಕೊಡಬೇಕು' ಎಂದಿತು. ಗುಟ್ಟು ಹೋದರೆ ಯಾರೂ ಮನಬಿಚ್ಚಿ ಬರೆಯುವುದಿಲ್ಲ ಎಂಬ ವಾದಕ್ಕೆ ಕೋರ್ಟ್ ಕೊಟ್ಟ ಉತ್ತರ ನನಗೆ ಬಹಳ ಇಷ್ಟ: ಕೆಲವರು ತಮ್ಮ ಮಾತಿಗೆ ನಿರ್ದಿಷ್ಟ ಉದಾಹರಣೆ ಕೊಟ್ಟು ಬರೆದಾರು, ಅಷ್ಟೇ. 'ನಮ್ಮ ವಿಭಾಗಕ್ಕೆ ಹೊಂದುವುದಿಲ್ಲ' ಎಂದಷ್ಟೇ ಬರೆದು ಕೈತೊಳೆದುಕೊಳ್ಳುವವರನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಆದರೆ ಕಡತಕ್ಕೆ ಸೇರದ ದುಡಿಮೆಯೂ ಇದೆ. ಕಪ್ಪು, ಲ್ಯಾಟಿನಾ (ಲ್ಯಾಟಿನ್ ಅಮೆರಿಕ ಮೂಲದ), ಏಷ್ಯನ್ ಅಧ್ಯಾಪಕಿ ವಿಭಾಗಕ್ಕೆ ಒಬ್ಬಳೇ ಇದ್ದರೆ ವೈವಿಧ್ಯದ ಪ್ರತಿ ಸಮಿತಿಗೂ ಅವಳೇ, ಕಷ್ಟ ಹೇಳಿಕೊಳ್ಳುವ ವಿದ್ಯಾರ್ಥಿಗಳಿಗೂ ಅವಳೇ. ಮನೋವಿಜ್ಞಾನಿ ಅಮಾಡೊ ಪಡಿಯಾ 1994ರಲ್ಲಿ ಇದನ್ನು ಸಾಂಸ್ಕೃತಿಕ ತೆರಿಗೆ ಎಂದರು. ಹೊಗಳಿಕೆ ಧಾರಾಳ, ಟೆನ್ಯೂರ್ ಲೆಕ್ಕದಲ್ಲಿ ಕಾಸಿನ ಕಿಮ್ಮತ್ತಿಲ್ಲ. ಇಂಥ ಕೆಲಸ ಒಪ್ಪಿಕೊಳ್ಳುವ ಮುನ್ನ, ಬದಲಿಗೆ ನನಗೆ ಯಾವ ತರಗತಿಯ ಪಾಠದಿಂದ ಬಿಡುವು ಕೊಡುತ್ತೀರಿ ಎಂದು ಕೇಳಿ, ಉತ್ತರ ಬರಹದಲ್ಲಿರಲಿ.

ಇನ್ನೊಂದು ವಿಷಯ, ಹಲವರು ಎಡವುವುದು ಇಲ್ಲೇ. ಲೈಬೀರಿಯಾ ಮೂಲದ ಅಧ್ಯಾಪಕ ಕೊಲಂಬಸ್ ರಿಕ್ಸ್ ಅವರ ಪ್ರಕರಣದಲ್ಲಿ 1980ರಲ್ಲೇ ತೀರ್ಪಾಗಿದೆ: ಆಯೋಗಕ್ಕೆ ದೂರು ಕೊಡುವ ಗಡುವು ಟೆನ್ಯೂರ್ ನಿರಾಕರಣೆ ತಿಳಿಸಿದ ದಿನದಿಂದಲೇ ಶುರು, ಕೆಲಸದ ಕೊನೆಯ ದಿನದಿಂದಲ್ಲ. ಗಡುವು 180 ದಿನ, ಹಲವು ರಾಜ್ಯಗಳಲ್ಲಿ 300. ವಿಶ್ವವಿದ್ಯಾಲಯದೊಳಗಿನ ಮೇಲ್ಮನವಿ ಹಾಕಿ ಕಾಯುತ್ತ ಕೂತರೂ ದಿನ ಓಡುತ್ತಲೇ ಇರುತ್ತದೆ. ಎರಡನ್ನೂ ಒಟ್ಟಿಗೇ ಹಾಕಿ.