ವಾಸನೆ ಇಲ್ಲವೆಂದು ಧೈರ್ಯ ಮಾಡಬೇಡಿ

ಆಟಿ ತಿಂಗಳಲ್ಲಿ ಕುಂಬಳೆ, ಬದಿಯಡ್ಕ ಕಡೆಯ ಮನೆಗಳಿಗೆ ಗ್ಯಾಸ್ ಗೀಸರ್ ರಿಪೇರಿಗೆ ಹೋದರೆ ಬಚ್ಚಲಿನ ಕಿಂಡಿಯಲ್ಲಿ ಸಿಮೆಂಟ್ ಚೀಲ ತುರುಕಿರುವುದು ಮಾಮೂಲು. ಎರಚಲು ಒಳಗೆ ಬರಬಾರದಲ್ಲ! ಕಳೆದ ಮಳೆಗಾಲ ನೀರ್ಚಾಲಿನ ಹತ್ತಿರ ಒಂದು ಮನೆಯಲ್ಲಿ ಅದಕ್ಕೂ ಮಿಗಿಲಾದದ್ದನ್ನು ಕಂಡೆ. ಗೀಸರಿನ ನೆತ್ತಿಯ ಮೇಲೆ ಎಳೆಮಗುವಿನ ನಾಲ್ಕು ಬಟ್ಟೆ ಹರವಿದ್ದರು. ಬಾಣಂತಿ ಇರುವ ಮನೆ, ವಾರದಿಂದ ಬಿಸಿಲಿಲ್ಲ. ಆ ತಾಯಿಯ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಬಿಸಿಗಾಳಿ ಬರುವ ಆ ಸೀಳುಗಳೇ ಗೀಸರಿನ ಹೊಗೆಬಾಯಿ. ಅದನ್ನು ಮುಚ್ಚಿದರೆ ಉರಿಗೆ ಗಾಳಿ ಸಾಲದೆ ನೀಲಿ ಹೋಗಿ ಹಳದಿಯಾಗುತ್ತದೆ, ಮಸಿ ಕಟ್ಟುತ್ತದೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಬಟ್ಟೆಯ ಅಡಿ ಒರಸಿ ಕಪ್ಪಾದ ಬೆರಳು ತೋರಿಸಿದೆ.

"ಗ್ಯಾಸಿನ ವಾಸನೆಯೇ ಇಲ್ಲವಲ್ಲ ಮಗಾ?" ಎಂದರು ಅಜ್ಜಿ.

ಎಷ್ಟು ಮನೆಗಳಲ್ಲಿ ಇದಕ್ಕೆ ಉತ್ತರ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ ಮಾರಾಯ್ರೇ. ಸಿಲಿಂಡರಿನ ಅನಿಲಕ್ಕೆ ಅಂಥ ಸ್ವಂತ ವಾಸನೆಯಿಲ್ಲ. ಸೋರಿದರೆ ಗೊತ್ತಾಗಲೆಂದು ಮರ್ಕ್ಯಾಪ್ಟನ್ ಎಂಬ ನಾತದ ವಸ್ತು ಬೆರೆಸುತ್ತಾರೆ. ನಿಮ್ಮ ಮೂಗಿಗೆ ಸಿಗುವುದು ಉರಿಯದೆ ಸೋರಿದ ಅನಿಲ ಮಾತ್ರ. ಉರಿಯುವಾಗ ಆ ಮರ್ಕ್ಯಾಪ್ಟನ್ನೂ ಸುಟ್ಟುಹೋಗುತ್ತದೆ. ಅನಿಲ ಅರೆಬರೆ ಉರಿದು ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕಣ್ಣು ಉರಿಸುವುದಿಲ್ಲ, ಕೆಮ್ಮು ತರಿಸುವುದಿಲ್ಲ. ಪೈಪು ಹೊಸದು, ರೆಗ್ಯುಲೇಟರ್ ಹೊಸದು, ಒಂದು ಹನಿ ಸೋರಿಕೆಯಿಲ್ಲ ಅನ್ನಿ, ಆಗಲೂ ಹುಟ್ಟುತ್ತದೆ. ಸೋರಿಕೆ ಬೇರೆ, ಇದು ಬೇರೆ. ಮೈಗೆಲ್ಲ ಆಮ್ಲಜನಕ ಒಯ್ಯಬೇಕಾದ ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಮಿಂದು ಬಂದರೆ ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ ಎಂದು ಆ ಬಾಣಂತಿ ಎರಡು ದಿನದಿಂದ ಹೇಳುತ್ತಿದ್ದರಂತೆ. ನಿದ್ದೆಗೆಟ್ಟದ್ದಕ್ಕೆ ಎಂದು ಮನೆಯವರು ಸುಮ್ಮನಾಗಿದ್ದರು. ನಾನು ಡಾಕ್ಟರಲ್ಲ, ಗೀಸರೇ ಕಾರಣವೆಂದು ಆಣೆ ಹಾಕಲಾರೆ. ಆದರೆ ಒಳಗಿದ್ದಾಗ ತಲೆನೋವು ಬಂದು ಅಂಗಳಕ್ಕಿಳಿದರೆ ಕಡಿಮೆಯಾಗುತ್ತದೆ ಎಂದಾದರೆ ಎಲ್ಲರೂ ಹೊರಗೆ ಬನ್ನಿ, ಮತ್ತೆ ಗೀಸರ್ ಹಚ್ಚಬೇಡಿ. ಆಸ್ಪತ್ರೆಯಲ್ಲಿ "ಮನೆಯಲ್ಲಿ ಗ್ಯಾಸ್ ಗೀಸರ್ ಇದೆ" ಎಂದು ಬಾಯಿಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸಿತೆಂದು ಮನೆಗೆ ಮರಳಬೇಡಿ. ರಕ್ತದಲ್ಲಿ ಕೂತಿರುವುದು ಆಮ್ಲಜನಕವೋ ಮೊನಾಕ್ಸೈಡೋ ಎಂಬ ವ್ಯತ್ಯಾಸ ಅದಕ್ಕೆ ತಿಳಿಯದು.

ಪರದೇಶದಲ್ಲಿರುವ ಮಕ್ಕಳು ಈಗೀಗ ಬಟ್ಟೆ ಒಣಗಿಸುವ ಗ್ಯಾಸ್ ಡ್ರೈಯರ್ ತರುವ ಮಾತೆತ್ತುತ್ತಾರೆ. ಅದಕ್ಕೂ ಇದೇ ಲೆಕ್ಕ. ಅದರ ಹೊಗೆ ಕೊಳವೆ ಗೋಡೆ ದಾಟಿ ಬಯಲಿಗೇ ಹೋಗಬೇಕು. ಒಳಗೆ ಬಟ್ಟೆಯ ಜುಂಗು ಕಟ್ಟಿಕೊಂಡರೆ ಹೊಗೆ ಕೋಣೆಗೇ ಮರಳುತ್ತದೆ. ಕೊಳ್ಳುವವರು ಮೊನಾಕ್ಸೈಡ್ ಅಲಾರಂ ಒಂದನ್ನೂ ಜೊತೆಗೇ ಕೊಳ್ಳಲಿ.

ಆ ಮನೆಯ ಗೀಸರನ್ನು ಅಂದೇ ಬಿಚ್ಚಿ ಹಿಂಬದಿಯ ಹೊರಗೋಡೆಗೆ ಕೂರಿಸಿ, ಬಿಸಿನೀರಿನ ಪೈಪನ್ನಷ್ಟೇ ಬಚ್ಚಲಿಗೆ ಎಳೆದೆ. ಕಿಂಡಿಯ ಚೀಲವನ್ನು ಅಜ್ಜಿಯೇ ಕಿತ್ತರು. ತಿಂಗಳ ನಂತರ ಅದೇ ದಾರಿಯಲ್ಲಿ ಹೋಗುವಾಗ ಇಣುಕಿದೆ. ಮಗುವಿನ ಬಟ್ಟೆಗಳು ಜಗಲಿಯ ಹಗ್ಗದಲ್ಲಿದ್ದವು, ಇನ್ನೂ ಹಸಿ ಹಸಿ.